ಮೂವತ್ತೇಳನೇ ಸಾಲಿನ ಕೊನೆಯ ಖಾನೆ

ಹಾಸ್ಟೆಲ್, ಎರಡನೇ ಮಹಡಿ
ಆಗಸ್ಟ್ 5

ಅಮ್ಮಾ,

ಮೊದಲು ಸಾರಿ. ಫೋನ್ ಇರುವಾಗ ಇವಳು ಕಾಗದ ಯಾಕೆ ಬರೆದಳು, ಏನು ಎಡವಟ್ಟು ಮಾಡಿಕೊಂಡಳು ಎಂದು ಲಕೋಟೆ ಒಡೆಯುವ ಮೊದಲೇ ನಿನ್ನ ಎದೆ ಡವಡವ ಅಂದಿರುತ್ತದೆ. ಫೇಲ್ ಆಗಿಲ್ಲ, ಜ್ವರ ಇಲ್ಲ, ಯಾರ ಜೊತೆಗೂ ಓಡಿಹೋಗಿಲ್ಲ. ಬರೆಯಲೇಬಾರದು ಎಂದು ನಾಲ್ಕು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಆದರೆ ಫೋನಿನಲ್ಲಿ ವಿಷಯ ನನ್ನ ನಾಲಿಗೆಗೆ ಬರುವಷ್ಟರಲ್ಲಿ ನೀನು "ಸರಿ ಇಡ್ಲಾ, ಮಷೀನ್ ಮೇಲೆ ಬಟ್ಟೆ ಹಂಗೇ ಇದೆ" ಅಂತೀಯ. ಈಗೀಗ ನಮ್ಮ ಭಾನುವಾರದ ಕಾಲ್ ಮೂರು ನಿಮಿಷಕ್ಕೆ ಇಳಿದಿದೆ.

ಇಲ್ಲಿ ನನಗೆ ಯಾವ ಕೆಲಸ ಕೊಟ್ಟಿದ್ದಾರೆ ಎಂದು ನಿನಗೆ ಹೇಳಿರಲಿಲ್ಲ. ಲ್ಯಾಬ್ ಕೋರ್ಸಿನ ಫಸ್ಟ್ ಇಯರ್ ಎಂದರೆ ಗಾಜು ತೊಳೆಯುವುದು, ಲೇಬಲ್ ಅಂಟಿಸುವುದು, ಬೈಸಿಕೊಳ್ಳುವುದು. ನನ್ನನ್ನು ಮಾತ್ರ ಆಸ್ಪತ್ರೆಯ ಒಂದು ಸ್ಟಡಿಗೆ ಹಾಕಿದ್ದಾರೆ. ಮಿದುಳಿನಲ್ಲಿ ನಿಧಾನವಾಗಿ ಬೆಳೆಯುವ ಗಡ್ಡೆಗಳಿರುತ್ತವೆ, ಲೋ ಗ್ರೇಡ್ ಎನ್ನುತ್ತಾರೆ. ಅಂಥ ಅರವತ್ತು ಹಳೆಯ ಪೇಷಂಟ್‌ಗಳ ಸ್ಕ್ಯಾನ್ ಒಂದು ಕಡೆ, ಆಪರೇಷನ್ನಿನಲ್ಲಿ ತೆಗೆದ ಗಡ್ಡೆಯ ಚೂರು ಇನ್ನೊಂದು ಕಡೆ. ಸ್ಕ್ಯಾನ್ ನೋಡಿ ಊಹಿಸಿದ್ದಕ್ಕೂ ಮೈಕ್ರೋಸ್ಕೋಪಿನಲ್ಲಿ ಕಂಡದ್ದಕ್ಕೂ ತಾಳೆಯಾಗುತ್ತದೆಯೇ ಎಂದು ನೋಡುವುದು. ಪ್ರತಿ ಗುರುವಾರ ಮೀಟಿಂಗ್. ಮೊದಲು ಸ್ಕ್ಯಾನ್ ಸರ್ ತಮ್ಮ ಊಹೆಯನ್ನು ಬೋರ್ಡಿನ ಮೇಲೆ ಬರೆಯಬೇಕು, ಆಮೇಲೆ ನಮ್ಮ ಪೆಥಾಲಜಿ ಮೇಡಂ ಸ್ಲೈಡ್ ತೋರಿಸಬೇಕು. "ನೀವು ನೋಡೋದು ನೆರಳು, ನಾನು ನೋಡೋದು ಮನುಷ್ಯನ್ನ" ಎಂದು ಮೇಡಂ. "ನೀವು ನೋಡೋದು ಸಾಸಿವೆ ಕಾಳಷ್ಟು, ನಾನು ನೋಡೋದು ಇಡೀ ತಲೆ" ಎಂದು ಸರ್. ವಾರಗಿತ್ತಿಯರೂ ಹೀಗೆ ಕಿತ್ತಾಡುವುದಿಲ್ಲ.

ಪೇಷಂಟ್ ಹೆಸರಿನ ಮೇಲೆ ಕಪ್ಪು ಸ್ಟಿಕ್ಕರ್ ಇರುತ್ತದೆ. ನಮಗೆ ಕಾಣುವುದು ನಂಬರ್, ವಯಸ್ಸು, ತಾರೀಖು ಅಷ್ಟೆ. ಸ್ಟಿಕ್ಕರ್ ಕಿತ್ತವರು ಅವತ್ತೇ ಮನೆಗೆ ಎಂದು ಮೇಡಂ ಮೊದಲ ದಿನವೇ ಹೇಳಿದ್ದಾರೆ.

ನಾನು ಕಿತ್ತಿಲ್ಲ ಅಮ್ಮಾ. ಕೀಳುವ ಅಗತ್ಯವೇ ಬೀಳಲಿಲ್ಲ.

ಶುಕ್ರವಾರ ಮೂವತ್ತೇಳನೇ ಫಿಲ್ಮನ್ನು ಲೈಟ್ ಬಾಕ್ಸಿಗೆ ಸಿಕ್ಕಿಸಿದೆ. ತಲೆಯನ್ನು ಪಕ್ಕದಿಂದ ತೆಗೆದ ಚಿತ್ರದಲ್ಲಿ ಮಿದುಳಷ್ಟೇ ಅಲ್ಲ, ಹಣೆ, ಮೂಗು, ತುಟಿ, ಗದ್ದ ಎಲ್ಲವೂ ಬಿಳಿ ಗೆರೆಯಾಗಿ ಕಾಣುತ್ತವೆ. ಸ್ಲೈಡುಗಳ ಕಪಾಟು ನೋಡಿಕೊಳ್ಳುವ ಹಿರಿಯ ಟೆಕ್ನಿಷಿಯನ್ ಒಬ್ಬರಿದ್ದಾರೆ, ಎಲ್ಲರೂ ಸ್ಲೈಡಜ್ಜ ಎಂದೇ ಕರೆಯುವುದು. ಅವರು ಚಹಾ ಲೋಟ ಹಿಡಿದು ಹಿಂದೆ ಬಂದು ನಿಂತು, "ಏನಮ್ಮಾ, ನಿನ್ನ ಫೋಟೋನೇ ಸಿಗಿಸ್ಕೊಂಡು ನೋಡ್ತಿದ್ದೀಯಲ್ಲ! ಅದೇ ಮೂಗು, ಅದೇ ಅಚ್ಚು!" ಎಂದು ನಕ್ಕರು.

ನಾನೂ ನಕ್ಕೆ. ಆಮೇಲೆ ನಗು ಅಲ್ಲೇ ನಿಂತಿತು. ಹಣೆಯಿಂದ ಇಳಿದು, ನಡುವೆ ಗಂಟು ಕಟ್ಟಿ, ತುದಿಯಲ್ಲಿ ಬಾಗುವ ಮೂಗು. "ನಿಮ್ಮಮ್ಮನ ಮೂಗು ಮನೆಗೆ ಬಂದು ಐದು ನಿಮಿಷಕ್ಕೆ ನಿಮ್ಮಮ್ಮ ಬರ್ತಾಳೆ" ಎಂದು ಅಪ್ಪ ರೇಗಿಸುವ ಮೂಗು. ಕೆಳಗೆ ಬರೆದಿತ್ತು: ಹೆಣ್ಣು, 31 ವರ್ಷ. ಮೇ 23. ಇಸವಿ ನೋಡಿದೆ. ನನ್ನನ್ನು ಬೋರ್ಡಿಂಗ್ ಸ್ಕೂಲಿಗೆ ಹಾಕಿದ ವರ್ಷ. ನೀವಿಬ್ಬರೂ ನನ್ನನ್ನು ಅಲ್ಲಿ ಬಿಟ್ಟು ಬಂದದ್ದು ಜೂನ್ ಒಂದಕ್ಕೆ.

ಕಣ್ಣ ಮುಂದೆ ಲೈಟ್ ಬಾಕ್ಸ್ ಒಂದೇ ಉಳಿಯಿತು. ಎಡಗಡೆ ಮುಂಭಾಗದಲ್ಲಿ ಕೋಳಿಮೊಟ್ಟೆಯಷ್ಟು ಮಾಸಲು ಬಿಳುಪು. ಸ್ಲೈಡಜ್ಜ ಏನೋ ಮಾತಾಡುತ್ತಲೇ ಇದ್ದರು, ಒಂದು ಪದವೂ ಕಿವಿಗೆ ಬೀಳಲಿಲ್ಲ. "ನೂರು ಕಾಲೇಜಿವೆ, ಅದೇ ಆಸ್ಪತ್ರೆ ಕಾಲೇಜು ಯಾಕೆ ಬೇಕು ನಿಂಗೆ" ಎಂದು ನೀನು ಎರಡು ದಿನ ಮಾತು ಬಿಟ್ಟದ್ದು ನೆನಪಾಯಿತು.

ಅದು ನೀನಾ? ಹೌದು ಅಥವಾ ಇಲ್ಲ. ಅಷ್ಟೇ ಬರೆದರೆ ಸಾಕು.

ನಿನ್ನ
ಗುಬ್ಬಿ

*

ಮನೆ
ಆಗಸ್ಟ್ 14

ಗುಬ್ಬೀ,

ಕಾಗದ ಬಂತು. ನಾನೇನೋ ಅಂದುಕೊಂಡು ಹೆದರಿ ಸತ್ತೆ, ನೋಡಿದರೆ ಮೂಗಿನ ಪುರಾಣ. ಅಲ್ಲ ಕಣೇ, ಲೋಕದಲ್ಲಿ ಮೂಗಿಗೇನು ಬರ ಬಂದಿದೆಯಾ? ನಿನ್ನ ದೊಡ್ಡಮ್ಮನಿಗೂ ಇದೇ ಮೂಗು, ನಮ್ಮಜ್ಜನಿಗೂ ಇದೇ ಮೂಗು. ಮೂಗು ನೋಡಿ ಸಂಬಂಧ ಹೇಳೋದಾದರೆ ಗಿಳಿಗಳೆಲ್ಲ ನಮಗೆ ನೆಂಟರೇ.

ಸ್ಕೂಲ್ ಯೂನಿಫಾರ್ಮ್ ಆರ್ಡರ್ ಬಂದಿದೆ, ನೂರ ನಲವತ್ತು ಕಾಲರ್ ಕೂರಿಸಬೇಕು, ತಲೆ ಕೆರೆದುಕೊಳ್ಳೋಕೂ ಪುರುಸೊತ್ತಿಲ್ಲ. ಅದಕ್ಕೇ ಕಾಲ್ ಬೇಗ ಇಡೋದು, ಅದಕ್ಕೂ ಒಂದು ಅರ್ಥ ಕಟ್ಟಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ಆ ಬಿಳಿ ದೀಪ ದಿಟ್ಟಿಸಿ ಕಣ್ಣು ಹಾಳು ಮಾಡಿಕೊಳ್ಳಬೇಡ. ಮೂವತ್ತೇಳನೇ ಹೆಂಗಸು ಯಾರೋ ಏನೋ, ಪಾಪ, ಅವಳನ್ನ ಅವಳ ಪಾಡಿಗೆ ಬಿಡು.

ಅಮ್ಮ

*

ಹಾಸ್ಟೆಲ್
ಆಗಸ್ಟ್ 29

ಅಮ್ಮಾ,

ನಿನ್ನ ಕಾಗದದ ಮಾತೆಲ್ಲ ನಿನ್ನದೇ. ಅಕ್ಷರ ಮಾತ್ರ ಅಪ್ಪನದು.

ಬೋರ್ಡಿಂಗ್ ಸ್ಕೂಲಿನ ಮೊದಲ ಆರು ತಿಂಗಳೂ ಹೀಗೇ ಬರುತ್ತಿತ್ತು. ಕೆಳಗೆ "ಅಮ್ಮ" ಎಂದಿರುತ್ತಿತ್ತು, ಅಕ್ಷರ ಅಪ್ಪನದು. ನಮ್ಮ ವಾರ್ಡನ್ ಎಲ್ಲರ ಕಾಗದವನ್ನೂ ಒಡೆದು ಓದಿ ಕೊಡುತ್ತಿದ್ದರಲ್ಲ, ಒಮ್ಮೆ "ನಿಮ್ಮಮ್ಮನಿಗೆ ಬರೆಯೋಕೆ ಬರಲ್ವೇನೇ?" ಎಂದು ಎಲ್ಲರೆದುರು ಕೇಳಿದ್ದರು. ಬರುತ್ತೆ, ನನಗೋಸ್ಕರ ಬರೆಯೋಕೆ ಮಾತ್ರ ಅವಳಿಗೆ ಪುರುಸೊತ್ತಿಲ್ಲ ಎಂದು ನಾನು ಮನಸ್ಸಿನಲ್ಲೇ ಉತ್ತರ ಕೊಟ್ಟಿದ್ದೆ. ಹತ್ತು ವರ್ಷ ಅದನ್ನೇ ನಂಬಿದ್ದೆ.

ಮೊದಲ ರಜೆಗೆ ಬಂದಾಗ ನಿನ್ನ ತಲೆಯ ಕೂದಲು ಹುಡುಗರ ಕ್ರಾಪಿನಷ್ಟಿತ್ತು. "ನಿನ್ನ ಹಾಸ್ಟೆಲ್ ಹೇನು ಕಾಗದದ ಜೊತೆ ನನ್ನ ತಲೆಗೂ ಬಂದ್ಬಿಟ್ಟಿತ್ತು, ಬೋಳಿಸ್ಬಿಟ್ಟೆ" ಎಂದೆ. ಆಗ ನಿನಗೆ ತಮಾಷೆ. ನನ್ನ ಹೇನು ಮತ್ತೆ ನಿನಗೆ ಹತ್ತೀತೆಂದು ನಾನು ಎರಡು ವರ್ಷ, ಪ್ರತಿ ರಜೆಯಲ್ಲೂ, ನಿನ್ನ ಪಕ್ಕ ಮಲಗಲಿಲ್ಲ. ನಿನಗೆ ಗೊತ್ತಾಯಿತೋ ಇಲ್ಲವೋ. ನೀನು ಕತ್ತರಿಯನ್ನು ಎಡಗೈಯಲ್ಲಿ ಹಿಡಿದಿದ್ದೆ. ಕೇಳಿದರೆ "ಬಲಗೈಗೆ ರಜೆ ಕೊಟ್ಟಿದ್ದೀನಿ" ಅಂದೆ. ಎಡಗಡೆ ಮಿದುಳು ಬಲಗೈಯನ್ನು ಆಡಿಸುತ್ತದೆ ಎಂಬ ಪಾಠ ನಮಗೆ ಮೊದಲ ವಾರವೇ ಆಯಿತು ಅಮ್ಮಾ. ಪರೀಕ್ಷೆಗೂ ಬರೆದೆ. ನಾಲ್ಕು ಅಂಕ.

ಈಗ ನಿನ್ನೆಯದನ್ನು ಬರೆಯಬೇಕು. ಪೆನ್ನು ಓಡುತ್ತಿಲ್ಲ.

ಅರವತ್ತು ಚೂರುಗಳೂ ಮೇಣದ ಬ್ಲಾಕಿನಲ್ಲಿ ಹುದುಗಿರುತ್ತವೆ. ಸ್ಟಡಿಗಾಗಿ ಪ್ರತಿ ಬ್ಲಾಕಿನಿಂದ ಹೊಸದಾಗಿ ಒಂದು ಪೊರೆ ತೆಗೆಯಬೇಕು. ಯಂತ್ರದ ಚಕ್ರ ತಿರುಗಿಸಿದರೆ ಬ್ಲೇಡು ಮೇಣವನ್ನು ಹೆರೆಯುತ್ತದೆ, ಕೂದಲಿಗಿಂತ ತೆಳುವಾದ ಪಟ್ಟಿ ಬರುತ್ತದೆ, ಅದನ್ನು ಬ್ರಷ್ಷಿನಿಂದ ಬಿಸಿನೀರಿನ ಮೇಲೆ ತೇಲಿಸಿ ಗಾಜಿಗೆ ಹತ್ತಿಸಬೇಕು. ಈ ವಾರ ನನ್ನ ಸರದಿಗೆ ಮೂವತ್ತಾರರಿಂದ ನಲವತ್ತು ಬಂತು. ನಿನ್ನ ಕಾಗದ ಜೇಬಿನಲ್ಲಿತ್ತು. ಅವಳು ನೀನಲ್ಲ ಎಂದು ನೀನೇ ಬರೆದಿದ್ದೀಯಲ್ಲ, ಇನ್ನೇನು ಎಂದುಕೊಂಡು ಕೂತೆ. ಒಂದು ಪಟ್ಟಿ ಹರಿಯಿತು, ಒಂದು ಮಡಿಚಿಕೊಂಡಿತು, ತಿರುಗಿಸಿದೆ, ಮತ್ತೆ ತಿರುಗಿಸಿದೆ. ಸ್ಲೈಡಜ್ಜ ಓಡಿ ಬಂದು ಚಕ್ರ ಹಿಡಿದರು. "ಅಯ್ಯೋ ಪುಣ್ಯಾತ್ಗಿತ್ತಿ! ಪೆನ್ಸಿಲ್ ಹೆರೀತಿದ್ದೀಯೇನೇ? ಹತ್ತು ವರ್ಷ ಜೋಪಾನ ಮಾಡಿದ್ದನ್ನ ಹತ್ತು ನಿಮಿಷಕ್ಕೆ ಮುಗಿಸ್ತಿದ್ದೀಯಲ್ಲ!" ಅಷ್ಟರಲ್ಲಿ ನಾನು ಹಳೆಯ ಮಟ್ಟ ದಾಟಿ ತೀರ ಆಳಕ್ಕೆ ಇಳಿದಿದ್ದೆ. ಕೊನೆಗೊಂದು ಪಟ್ಟಿ ಸರಿಯಾಗಿ ಬಂತು. ನೀರಿನ ಮೇಲೆ ತೇಲುತ್ತಿತ್ತು, ಉಗುರಿನಷ್ಟಗಲ.

ನಿನ್ನೆ, ಗುರುವಾರದ ಮೀಟಿಂಗಿನಲ್ಲಿ ಮೂವತ್ತೇಳು ಬಂತು. ಸ್ಕ್ಯಾನ್ ಸರ್ ಬೋರ್ಡಿನ ಮೇಲೆ ಬರೆದರು: ನಿಧಾನದ ಗಡ್ಡೆ, ಲೋ ಗ್ರೇಡ್. "ಇಂಜೆಕ್ಷನ್ ಕೊಟ್ಟ ಮೇಲೂ ಹೊಳೆದಿಲ್ಲ ನೋಡಿ. ಕೆಟ್ಟದ್ದಾಗಿದ್ರೆ ಸಾಮಾನ್ಯವಾಗಿ ದೀಪ ಹಚ್ಚಿದ ಹಾಗೆ ಹೊಳೀಬೇಕು. ಇದು ಸಾಧು ಪ್ರಾಣಿ" ಎಂದರು. ಹಳೆಯ ಪೆಥಾಲಜಿ ರಿಪೋರ್ಟೂ ಅದನ್ನೇ ಹೇಳಿತ್ತು. ಎರಡೂ ತಾಳೆ. ನಾನು ಉಸಿರು ಬಿಟ್ಟೆ.

ಮೇಡಂ ನನ್ನ ಹೊಸ ಸ್ಲೈಡಿಟ್ಟು ನೋಡತೊಡಗಿದರು. ಎಂದಿನ ಚುಚ್ಚುಮಾತು ಬರಲಿಲ್ಲ. ಸ್ಲೈಡನ್ನು ಒಂದೇ ಮೂಲೆಗೆ ಸರಿಸಿ ಸರಿಸಿ ನೋಡಿದರು. "ಸರ್, ನಿಮ್ಮ ಸ್ಕ್ಯಾನ್ ಸುಳ್ಳು ಹೇಳಿಲ್ಲ. ಅರ್ಧ ಹೇಳಿದೆ. ನಾವೂ ಅವತ್ತು ಅರ್ಧವೇ ನೋಡಿದ್ದು." ಪರದೆಯ ಮೇಲೆ ಹಾಕಿದರು. ಉಳಿದೆಲ್ಲ ಕಡೆ ಜೀವಕೋಶಗಳು ಬಿಡಿಬಿಡಿಯಾಗಿದ್ದವು. ಆ ಮೂಲೆಯಲ್ಲಿ ಮಾತ್ರ ಬಸ್ಸಿನ ಬಾಗಿಲಲ್ಲಿ ನುಗ್ಗುವ ಜನರ ಹಾಗೆ ಒತ್ತಿಕೊಂಡಿದ್ದವು. ಕೆಲವು ಒಂದು ಎರಡಾಗುತ್ತಿರುವಾಗಲೇ ಸಿಕ್ಕಿಬಿದ್ದಿದ್ದವು, ವೇಗವಾಗಿ ಬೆಳೆಯುವ ಕೆಟ್ಟ ಗಡ್ಡೆಯ ಗುರುತು.

"ಹಳೇ ಸ್ಲೈಡಲ್ಲಿ ಇದು ಇಲ್ಲವೇ ಇಲ್ಲ. ಎಲ್ಲಿಂದ ಬಂತು?" ಎಂದು ಕೇಳಿದರು.

"ನಮ್ ಹುಡುಗಿ ಆಳವಾಗಿ ಹೆರೆದುಬಿಟ್ಟಳು ಮೇಡಂ. ಬೈದಿದ್ದೀನಿ" ಎಂದರು ಸ್ಲೈಡಜ್ಜ.

"ಬೈಬೇಡಿ. ಈ ಪೇಷಂಟ್ ಈಗ ಎಲ್ಲಿದ್ದಾರೆ?"

ಸರ್ ರಿಜಿಸ್ಟರ್ ತಿರುವಿದರು. ಆಪರೇಷನ್ ಆದ ಮೇಲೆ ನಾಲ್ಕು ವರ್ಷ ವರ್ಷಕ್ಕೊಮ್ಮೆ ಸ್ಕ್ಯಾನಿಗೆ ಬಂದಿದ್ದಾಳೆ. ಆರು ವರ್ಷದಿಂದ ಇಲ್ಲ. ಕೊನೆಯ ಖಾನೆಯಲ್ಲಿ ಪೆನ್ಸಿಲಿನಲ್ಲಿ ಎರಡೇ ಪದ: ಸಂಪರ್ಕ ತಪ್ಪಿದೆ.

ಭಾನುವಾರ ತಾನೇ ನೀನು ನನ್ನ ಜೊತೆ ಮಾತಾಡಿದ್ದೆ ಅಮ್ಮಾ. ಹಾಸಿಗೆ ಬಿಸಿಲಿಗೆ ಹಾಕು ಅಂದಿದ್ದೆ. ನಾನು ಅಲ್ಲೇ ಕೂತಿದ್ದೆ, ಮೂರನೇ ಕುರ್ಚಿ. ಅವರು ಮೂವತ್ತೆಂಟಕ್ಕೆ ಹೋದರು.

ಈಗ ಅಪ್ಪ ಮತ್ತೆ ಯಾಕೆ ಬರೆಯುತ್ತಿದ್ದಾನೆ? ನಿನ್ನ ಬಲಗೈಗೆ ಏನಾಗಿದೆ?

ಗುಬ್ಬಿ

*

ಸೆಪ್ಟೆಂಬರ್ 11

ಮಗಳೇ,

ವ್ಯಾನಿನಲ್ಲಿ ಕೂತು ಬರೆಯುತ್ತಿದ್ದೇನೆ. ನಿಮ್ಮಮ್ಮನಿಗೆ ಗೊತ್ತಿಲ್ಲ. ಲೋಡ್ ಇಳಿಸುವವರು ಬರುವಷ್ಟರಲ್ಲಿ ಮುಗಿಸಬೇಕು.

ಹೌದಮ್ಮ, ಅವಳೇ. ನೀನು ಎಂಟು ವರ್ಷದವಳು, ಏನಂತ ಹೇಳೋದು? ಆಪರೇಷನ್ ಆದ ಮೇಲೆ ಕೈ ಏಳುತ್ತಿರಲಿಲ್ಲ. ಅವಳು ಮಲಗಿಕೊಂಡು ಹೇಳುತ್ತಿದ್ದಳು, ನಾನು ಬರೆಯುತ್ತಿದ್ದೆ. ಕೆಲವು ವಾರ ಅವಳಿಗೆ ಮಾತೇ ಸಿಗುತ್ತಿರಲಿಲ್ಲ. ಆಗ ನಾನೇ ಕಟ್ಟಿ ಬರೆದೆ. ನಿನ್ನ ಮಂಚದ ಕೆಳಗೆ ಬೆಕ್ಕು ಮೂರು ಮರಿ ಹಾಕಿದೆ, ಒಂದಕ್ಕೆ ನಿನ್ನ ಹೆಸರಿಟ್ಟಿದ್ದೇವೆ ಅಂತ ಬರೆದಿದ್ದೆನಲ್ಲ, ಅಂಥ ಬೆಕ್ಕೇ ಇರಲಿಲ್ಲ. ರಜೆಗೆ ಬಂದು ನೀನು ಎರಡು ದಿನ ಹುಡುಕಿದೆ. ಓಡಿಹೋಯ್ತು ಅಂದೆವು. ಆರು ತಿಂಗಳಾದ ಮೇಲೆ ಕೈ ತಿರುಗಿ ಬಂತು, ಅವಳೇ ಬರೆಯತೊಡಗಿದಳು. ಆದರೂ ಕತ್ತರಿ ಎಡಗೈಯಲ್ಲೇ ಉಳಿಯಿತು.

ಈಗ ಮೂರು ತಿಂಗಳಿಂದ ಮತ್ತೆ ಶುರುವಾಗಿದೆ. ಹಿಡಿದ ಸೂಜಿ ಬೀಳುತ್ತದೆ. ಮಾತಾಡುತ್ತಾ ಮಾತಾಡುತ್ತಾ ಒಂದು ಪದಕ್ಕೆ ತಡಕಾಡುತ್ತಾಳೆ. ನಿನಗೆ ಗೊತ್ತಾಗಬಾರದು ಅಂತ ಫೋನು ಬೇಗ ಇಡೋದು. ಆಸ್ಪತ್ರೆಗೆ ಹೋಗೋಣ ಅಂದರೆ ಒಂದೇ ಹಠ. "ನಾಲ್ಕು ವರ್ಷ ಆ ಕೊಳವೆಯೊಳಗೆ ಮಲಗಿ ಎದ್ದೆ. ನಾಲ್ಕು ಸಲವೂ ಹಂಗೇ ಇದೆ ಅಂದ್ರು. ಹಂಗೇ ಇರೋದನ್ನ ನೋಡೋಕೆ ಅಷ್ಟು ದೂರ ಯಾಕ್ರೀ ಹೋಗ್ಬೇಕು?" ಅನ್ನುತ್ತಾಳೆ. ನಾವು ಮನೆ ಬದಲಾಯಿಸಿದ್ದೂ ಆಸ್ಪತ್ರೆಗೆ ತಿಳಿಸಲಿಲ್ಲ.

ನಿನ್ನ ಕಾಗದ ಓದಿಸಿಕೊಂಡು ಕೇಳಿದಳು. ಮುಗಿದ ಮೇಲೆ, "ನನ್ನ ತಲೇನ ನನ್ನ ಮಗಳ ಕೈಲೇ ಕೊಯ್ಸಿದ್ರಾ?" ಅಂದಳು. ಆಮೇಲೆ ಎದ್ದು ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಳು. ಬಕೆಟ್ಟು ತುಂಬಿ ಚೆಲ್ಲಿತು, ನಲ್ಲಿ ನಿಲ್ಲಿಸಲಿಲ್ಲ.

ನನ್ನ ಮಾತು ಕೇಳುವುದಿಲ್ಲ. ನೀನೇ ಬರಿ.

ಅಪ್ಪ

*

ಸೆಪ್ಟೆಂಬರ್ 13

ಗುಬ್ಬಿ,

ನಾನೇ ಬರೀತಿದ್ದೀನಿ. ಸಾಲು ಇಳಿಜಾರು, ನಗಬೇಡ. ಈ ನಾಲ್ಕು ಸಾಲಿಗೆ ಬೆಳಗಿಂದ ಕೂತಿದ್ದೀನಿ.

ಆ ಮೇ ತಿಂಗಳು ನೀನು ರಸ್ತೆಯಲ್ಲಿ ಆಡ್ತಿದ್ದೆ. ಊಟಕ್ಕೆ ಕರೀಬೇಕು. ಬಾಗಿಲಲ್ಲಿ ನಿಂತೆ, ನಿನ್ನ ಹೆಸರು ಬರಲಿಲ್ಲ. ಹೆತ್ತ ಮಗಳ ಹೆಸರು. ಎಷ್ಟು ತಡಕಾಡಿದರೂ ಇಲ್ಲ. ತಂತಿ ಮೇಲೆ ಒಂದು ಗುಬ್ಬಿ ಕೂತಿತ್ತು. ಗುಬ್ಬೀ ಅಂದೆ. ನೀನು ನಗುತ್ತಾ ಓಡಿಬಂದೆ. ಅವತ್ತಿಂದ ಅದೇ ಹೆಸರಾಯ್ತು. ಎಲ್ಲರೂ ಮುದ್ದಿಗೆ ಅಂದುಕೊಂಡರು.

ಅಂಥದ್ದನ್ನ ನೀನು ನೋಡೋದು ಬೇಡ ಅಂತ ಹಾಸ್ಟೆಲಿಗೆ ಕಳಿಸಿದೆ. ಈಗಲೂ ಬೇಡ.

ಅಮ್ಮ

*

ಹಾಸ್ಟೆಲ್
ಸೆಪ್ಟೆಂಬರ್ 17

ಅಮ್ಮಾ,

ನಿನ್ನ ಕಾಗದವನ್ನು ಕ್ಲಾಸಿನಲ್ಲಿ ಒಡೆದೆ. ಎದ್ದು ಹೊರಗೆ ಬಂದೆ, ಮೇಷ್ಟ್ರು ಕೂಗಿದರೂ ನಿಲ್ಲಲಿಲ್ಲ. ಮೆಟ್ಟಿಲ ಮೇಲೆ ಕೂತು ನನ್ನ ಹೆಸರನ್ನು ನಾನೇ ಮೆಲ್ಲಗೆ ಹೇಳಿಕೊಂಡೆ, ಶಾಲೆಯ ರಿಜಿಸ್ಟರಿನಲ್ಲಿರುವ ಹೆಸರನ್ನು. ಯಾರದೋ ಹೆಸರಿನಂತೆ ಕೇಳಿಸಿತು. ಗುಬ್ಬಿ ಎಂದರೇ ನಾನು.

ಅಲ್ಲಿಂದ ಸೀದಾ ಮೇಡಂ ರೂಮಿಗೆ ಹೋದೆ.

"ಮೂವತ್ತೇಳು ನಮ್ಮಮ್ಮ" ಎಂದೆ.

"ಸ್ಟಿಕ್ಕರ್ ಕಿತ್ಯಾ?"

"ಇಲ್ಲ ಮೇಡಂ. ಮೂಗು ನೋಡಿದೆ."

ನನ್ನ ಮುಖವನ್ನು ಪಕ್ಕಕ್ಕೆ ತಿರುಗಿಸಿ ನೋಡಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆ ಬ್ಲಾಕನ್ನ ನಿನ್ನ ಕೈಲೇ..." ಎಂದರು. ನನ್ನನ್ನು ಸ್ಟಡಿಯಿಂದ ತೆಗೆದಿದ್ದಾರೆ, ಆಗಲೇ ಬಾಯಿ ಬಿಡಬೇಕಿತ್ತು ಎಂದು ಬೈದೂ ಬೈದರು. ಬೈಯುತ್ತಲೇ ಸ್ಕ್ಯಾನ್ ಸರ್‌ಗೆ ಫೋನ್ ಹಚ್ಚಿದರು. ಅವರಿಬ್ಬರೂ ಜಗಳವಾಡದೆ ಮಾತಾಡಿದ್ದನ್ನು ಇವತ್ತೇ ಕಂಡದ್ದು. ಅದರಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು.

ನಾಲ್ಕು ಸಲವೂ ಹಂಗೇ ಇದೆ ಅಂದರು ಎಂದೆಯಂತಲ್ಲ, ಅಪ್ಪ ನಿನಗೆ ತಿಳಿಸದೆ ಬರೆದಿದ್ದಾನೆ, ಬೈಯಬೇಡ. ಅವರು ಸುಳ್ಳು ಹೇಳಲಿಲ್ಲ. ಪ್ರತಿ ವರ್ಷದ ಸ್ಕ್ಯಾನನ್ನು ಹಿಂದಿನ ವರ್ಷದ್ದರ ಪಕ್ಕ ಇಟ್ಟು ನೋಡಿದ್ದಾರೆ. ಸ್ಕ್ಯಾನ್ ಸರ್ ಇವತ್ತು ನಡುವಿನವನ್ನು ತೆಗೆದಿಟ್ಟು ಆಪರೇಷನ್ ಆದಮೇಲಿನ ಮೊದಲನೆಯದನ್ನೂ ಕೊನೆಯದನ್ನೂ ಅಕ್ಕಪಕ್ಕ ಸಿಕ್ಕಿಸಿದರು. ಬಿಳುಪು ಹಿಗ್ಗಿದ್ದನ್ನು ನಾನೂ ಕಂಡೆ. ನಾನು ರಜೆಗೆ ಬಂದಾಗಲೆಲ್ಲ ನೀನು ಬಾಗಿಲಿಗೆ ನಿಲ್ಲಿಸಿ ಗೆರೆ ಎಳೆಯುತ್ತಿದ್ದೆಯಲ್ಲ, "ಅಯ್ಯೋ, ಇಷ್ಟುದ್ದ ಆಗಿಬಿಟ್ಟೆಯಾ" ಎಂದು. ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚದವಳಿಗೆ ನಾನು ಬೆಳೆದದ್ದು ಗೊತ್ತೇ ಆಗಿರಲಿಲ್ಲ. ಹಾಗೆ. ಅದೂ ಆರು ವರ್ಷ ಹಿಂದಿನ ಗೆರೆ. ಆಮೇಲೆ ಯಾರೂ ಎಳೆದಿಲ್ಲ.

ಮೇಡಂ ಸುಳ್ಳು ಧೈರ್ಯ ಹೇಳಲಿಲ್ಲ. "ಆ ಮೂಲೆಯಲ್ಲಿದ್ದದ್ದು ಅವತ್ತೇ ಪೂರ್ತಿ ಹೊರಗೆ ಬಂದಿರಬಹುದು, ಒಳಗೂ ಉಳಿದಿರಬಹುದು. ನೋಡದೆ ಏನೂ ಹೇಳೋಕಾಗಲ್ಲ. ನೋಡಿದ್ರೆ ಮಾಡೋಕೆ ದಾರಿಗಳಿವೆ. ಹತ್ತು ವರ್ಷ ಬದುಕಿದ್ದಾರೆ, ಗಟ್ಟಿಗಿತ್ತಿ, ಕರ್ಕೊಂಡು ಬಾ" ಎಂದರು. ಬರುವ ಗುರುವಾರ, ಸೆಪ್ಟೆಂಬರ್ 25, ಬೆಳಿಗ್ಗೆ ಹತ್ತೂವರೆಗೆ ನಿನ್ನ ಸ್ಕ್ಯಾನ್ ಬರೆಸಿದ್ದಾರೆ. ಕೊಳವೆಯೊಳಗೆ ನೀನೊಬ್ಬಳೇ ಮಲಗಬೇಕು ನಿಜ. ಬಾಗಿಲ ಬಳಿ ನಾನಿರುತ್ತೇನೆ. ನನ್ನ ಹೆಸರು ಮರೆತರೆ ಮರಿ. ತಂತಿಯ ಮೇಲೆ ಏನು ಕೂತಿದೆಯೋ ಅದನ್ನೇ ಕೂಗು. ಕಾಗೆ ಎಂದರೂ ಓಡಿ ಬರುತ್ತೇನೆ.

ಎಂಟು ವರ್ಷದವಳು ಅದನ್ನೆಲ್ಲ ನೋಡಬಾರದೆಂದು ಕಳಿಸಿದೆ. ನೋಡದೆ ನಾನೇನು ಕಂಡುಕೊಂಡೆ ಗೊತ್ತಾ? ಅಮ್ಮನಿಗೆ ನಾನು ಬೇಡವಾಗಿದ್ದೆ ಎಂದು. ಅದಕ್ಕಿಂತ ಹೆಸರು ಮರೆತದ್ದು ವಾಸಿ ಇತ್ತು.

ಹೊರಡುವಾಗ ಮೇಡಂ ರಿಜಿಸ್ಟರ್ ತೆಗೆದು ಮೂವತ್ತೇಳನೇ ಸಾಲಿನ ಕೊನೆಯ ಖಾನೆಯನ್ನು ರಬ್ಬರಿನಿಂದ ಉಜ್ಜಿದರು. ಈಗ ಅಲ್ಲಿ ಏನೂ ಇಲ್ಲ. ನೀನು ಬಂದರೆ ಆ ದಿನದ ತಾರೀಖು ಬರೆಯುತ್ತಾರಂತೆ, ಪೆನ್ನಿನಲ್ಲಿ.

ಬುಧವಾರ ಸಂಜೆಯೇ ಬಂದುಬಿಡು. ವಾರ್ಡನ್ನಿನ ಪರ್ಮಿಷನ್ ತೆಗೆದುಕೊಂಡಿದ್ದೇನೆ. ಮಂಚ ಸಣ್ಣದು, ಇಬ್ಬರೂ ಒತ್ತಿಕೊಂಡು ಮಲಗಬಹುದು. ನನ್ನ ತಲೆಯಲ್ಲಿ ಹೇನಿಲ್ಲ.

ಅಪ್ಪನ ಕೈಯಲ್ಲಿ ಬರೆಸಬೇಡ. ಸಾಲು ಇಳಿಜಾರಾದರೂ ಪರವಾಗಿಲ್ಲ, ಬರ್ತೀನಿ ಎಂಬ ಒಂದೇ ಪದ ಸಾಕು. ಬೇಗ ಉತ್ತರ ಬರಿ.

ನಿನ್ನ
ಗುಬ್ಬಿ